ಐದು ಸೂತ್ರಗಳು ಮತ್ತು ದಾಸೋಹದ ಕೊಪ್ಪರಿಗೆ

ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ತಿಳಿಸುವ ಭಿತ್ತಿಪತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿತು. 2006ರಲ್ಲಿ ಅದರ ವಿವರಣೆಯ ಕೈಪಿಡಿ ಬಂತು. ಇದುವರೆಗೆ ಈ ಸೂತ್ರಗಳು 80ಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿವೆ. ಜೂನ್ 7ನ್ನು ವಿಶ್ವ ಆಹಾರ ಸುರಕ್ಷತಾ ದಿನವೆಂದು ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ಮೇಲೆ ಶಾಲೆಗಳಲ್ಲೂ ಇವುಗಳ ಪ್ರಸ್ತಾಪ ಹೆಚ್ಚಾಗಿದೆ. ಒಂದೇ ಹಾಳೆಯ ಈ ಪಠ್ಯವನ್ನು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮದಂಥ ಊರಿನಲ್ಲಿ ಕುಳಿತು ಓದಿದರೆ ಅದು ಎಷ್ಟು ದೂರ ಸಲ್ಲುತ್ತದೆ? ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಅದರ ಗುಣ. ಶುಚಿಯಾಗಿರಿ, ಹಸಿ ಪದಾರ್ಥವನ್ನೂ ಬೇಯಿಸಿದ್ದನ್ನೂ ಬೇರೆಬೇರೆ ಇಡಿ, ಚೆನ್ನಾಗಿ ಬೇಯಿಸಿ, ಸರಿಯಾದ ತಾಪದಲ್ಲಿ ಇರಿಸಿ, ಸುರಕ್ಷಿತ ನೀರು ಹಾಗೂ ಕಚ್ಚಾ ಪದಾರ್ಥ ಬಳಸಿ. ಇಷ್ಟೇ. ಓದು ಬಾರದವರಿಗೂ ಹೇಳಿಕೊಡಬಹುದಾದ ಮಾತುಗಳು ಇವು. ಪ್ರತಿ ಮಾತಿಗೂ ಕಾರಣ ಕೊಟ್ಟಿರುವುದು ಇನ್ನೂ ಒಳ್ಳೆಯದು. ಆಹಾರದ ಎಲ್ಲ ಭಾಗವೂ 70 ಡಿಗ್ರಿ ಸೆ. ಮುಟ್ಟಿದರೆ ಬಹುತೇಕ ರೋಗಾಣುಗಳು ಸಾಯುತ್ತವೆ. 5ರಿಂದ 60 ಡಿಗ್ರಿಯ ನಡುವೆ ಅವು ವೃದ್ಧಿಯಾಗುತ್ತವೆ. ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ 1963ರಲ್ಲಿ ಆರಂಭಿಸಿದ ಕೋಡೆಕ್ಸ್ ಆಯೋಗದ ಸಂಪುಟಗಳನ್ನು ಓದುವವರು ತಜ್ಞರು ಮಾತ್ರ. ಈ ಹಾಳೆ ಅಡುಗೆಮನೆಯವರೆಗೆ ಬರುತ್ತದೆ.

ಆದರೆ ಯಾರ ಅಡುಗೆಮನೆ? ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಕೋಣೆಯ ತಾಪದಲ್ಲಿ ಬಿಡಬೇಡಿ, ಬೇಗನೆ ಶೀತಕದಲ್ಲಿಡಿ ಎನ್ನುತ್ತದೆ ನಾಲ್ಕನೆಯ ಸೂತ್ರ. ಇದನ್ನು ಬರೆದವರ ಕಣ್ಣೆದುರು ಇದ್ದದ್ದು ನಾಲ್ಕೈದು ಜನರ ಮನೆ, ಸಣ್ಣ ಪಾತ್ರೆ, ತಂಪಾದ ಕೋಣೆ. ಬಾಗಲಕೋಟೆಯ ಬೇಸಿಗೆಯಲ್ಲಿ ತಾಪ 40 ಡಿಗ್ರಿ ಮುಟ್ಟುತ್ತದೆ. 32 ಡಿಗ್ರಿ ಮೀರಿದರೆ ಎರಡು ಗಂಟೆಯ ಮಿತಿಯನ್ನು ಒಂದಕ್ಕೆ ಇಳಿಸಬೇಕೆಂದು ಅಮೆರಿಕದ ಕೃಷಿ ಇಲಾಖೆ ತನ್ನ ಪ್ರಜೆಗಳಿಗೆ ಹೇಳುತ್ತದೆ. ಉಷ್ಣ ವಲಯದ ದೇಶಗಳಿಗೂ ಹೋಗುವ ಈ ಭಿತ್ತಿಪತ್ರದಲ್ಲಿ ಆ ಮಾತಿಲ್ಲ.

ಪಾತ್ರೆಯ ಗಾತ್ರ ಇನ್ನೂ ಮುಖ್ಯ. ದಾಸೋಹ, ಜಾತ್ರೆ, ಬಿಸಿಯೂಟಗಳಲ್ಲಿ ಅನ್ನ ಬೇಯುವುದು ಕೊಪ್ಪರಿಗೆಗಳಲ್ಲಿ. ಗಟ್ಟಿ ಆಹಾರದ ನಡುಭಾಗದಿಂದ ಉಷ್ಣ ಹೊರಬರಬೇಕಾದದ್ದು ವಹನದಿಂದ. ಅದಕ್ಕೆ ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 5 ಸೆಂ.ಮೀ. ದಪ್ಪಕ್ಕೆ ಪರಾತದಲ್ಲಿ ಹರವಿದ ಅನ್ನ ಎರಡೂ ಬದಿಯಿಂದ ಆರಿದರೆ ಈ ಕಾಲ ಅರ್ಧ ಗಂಟೆಯಷ್ಟು. 50 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಪಾತ್ರೆಗೆ, ಎಲ್ಲ ಕಡೆಯಿಂದ ಆರಿದರೂ, ಲೆಕ್ಕ ಹಾಕಿದರೆ ಸುಮಾರು 15 ಗಂಟೆ ಬರುತ್ತದೆ. ಅಂದರೆ ರಾತ್ರಿ ಮುಚ್ಚಿಟ್ಟ ಅನ್ನದ ನಡುಭಾಗ ಮರುದಿನವೂ ಬಿಸಿಯಾಗಿಯೇ ಇರಬಹುದು. ಆ ಬಿಸಿಯನ್ನು ನಾವು ತಾಜಾತನವೆಂದು ತಿಳಿಯುತ್ತೇವೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಕುದಿಯುವ ನೀರಿನಲ್ಲೂ ಬದುಕುಳಿಯುತ್ತವೆ. ಅನ್ನ ನಿಧಾನವಾಗಿ ಆರುವಾಗ ಮೊಳೆತು ವಿಷ ಕಾರುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ನಾಶವಾಗದು. ಆದ್ದರಿಂದ 'ಬೇಗನೆ ತಣಿಸಿ' ಎಂದಷ್ಟೇ ಹೇಳಿದರೆ ಸಾಲದು. 'ತೆಳುವಾಗಿ ಹರವಿ, ಇಲ್ಲವೇ ಪಂಕ್ತಿ ಮುಗಿಯುವವರೆಗೆ ಒಲೆಯ ಮೇಲೆಯೇ ಇರಲಿ' ಎನ್ನಬೇಕು. ಶೀತಕವಿಲ್ಲದ ಊರಿಗೂ ಸಲ್ಲುವ ಮಾತು ಅದು.

ಶೀತಕವಿಲ್ಲದೆ ಆಹಾರ ಕಾಯುವ ಇನ್ನೊಂದು ವಿದ್ಯೆ ಈ ಸೀಮೆಗೆ ಚೆನ್ನಾಗಿ ಗೊತ್ತು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ವಾರಗಟ್ಟಲೆ ಕೆಡುವುದಿಲ್ಲ. ಸೂಕ್ಷ್ಮಜೀವಿಗಳಿಗೆ ದಕ್ಕುವಷ್ಟು ನೀರು ಅವುಗಳಲ್ಲಿ ಇಲ್ಲದಿರುವುದೇ ಕಾರಣ. ತಾಪವನ್ನೇ ನೆಚ್ಚಿದ ಭಿತ್ತಿಪತ್ರ ಒಣಗಿಸುವ ಈ ದಾರಿಯನ್ನು ಹೇಳುವುದಿಲ್ಲ.

ಹಾಗೆಂದು ನಮ್ಮ ಪದ್ಧತಿಗಳೇ ಸಾಕೆಂದು ಬೀಗಬೇಕಾಗಿಲ್ಲ. ಶೇಂಗಾ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಪತ್ತೆಯಾಯಿತು. ಹುರಿದರೆ ಒಂದಿಷ್ಟು ಕಡಿಮೆಯಾಗಬಹುದು, ಪೂರ್ತಿ ಹೋಗದು. ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಕೋಡೆಕ್ಸ್ ಮಿತಿ ಕಿಲೋಗ್ರಾಮಿಗೆ 15 ಮೈಕ್ರೊಗ್ರಾಂ. ನೇರವಾಗಿ ತಿನ್ನುವ ಶೇಂಗಾಕ್ಕೆ ಯೂರೋಪಿನ ಒಕ್ಕೂಟದ್ದು 4. ಈ ಪ್ರಮಾಣವನ್ನು ಕಣ್ಣು, ಮೂಗು, ನಾಲಿಗೆ ಅಳೆಯಲಾರವು. ಪ್ರಯೋಗಾಲಯವೇ ಬೇಕು. ರಫ್ತಾಗುವ ಚೀಲಕ್ಕೆ ಬಂದರಿನಲ್ಲಿ ಪರೀಕ್ಷೆ ಕಾದಿರುತ್ತದೆ, ಸಂತೆಯ ಚೀಲಕ್ಕೆ?

ನೀರಿನ ಮಾತೂ ಹೀಗೆಯೇ. ಸುರಕ್ಷಿತ ನೀರು ಬಳಸಿ ಅಥವಾ ಸಂಸ್ಕರಿಸಿ ಎನ್ನುತ್ತದೆ ಐದನೆಯ ಸೂತ್ರ. ಸಾಮಾನ್ಯ ಓದುಗ ಇದನ್ನು 'ಕುದಿಸಿ' ಎಂದೇ ಅರ್ಥಮಾಡಿಕೊಳ್ಳುತ್ತಾನೆ. ಹುನಗುಂದ, ಇಳಕಲ್ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿರುವುದು ಫ್ಲೋರೈಡ್. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಸಾಂದ್ರತೆ ಹೆಚ್ಚೇ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿ ಇದೇ ಸಂಸ್ಥೆಯದು.

ಇಲ್ಲಿಗೆ ಈ ಪಠ್ಯದ ಮೂಲ ದೋಷ ಕಾಣುತ್ತದೆ. ಐದೂ ಸೂತ್ರಗಳಲ್ಲಿ ಕರ್ತೃ ಒಬ್ಬರೇ: ಅಡುಗೆಯವರು. ಮೊದಲ ನಾಲ್ಕು ಅವರ ಕೈಯಲ್ಲಿರುವುದು ನಿಜ. ಐದನೆಯದರಲ್ಲಿ ರೈತ, ವರ್ತಕ, ಸರ್ಕಾರ, ಪ್ರಯೋಗಾಲಯ ಎಲ್ಲರೂ ಬರಬೇಕು. ಆದರೂ ಹೊಣೆಯನ್ನು ಸೌಟು ಹಿಡಿದವರಿಗೇ ವಹಿಸಲಾಗಿದೆ.

ಇದರ ಬೆಲೆ ಎಷ್ಟೆಂದು ಒಂದು ಕೀಟನಾಶಕದ ಕಥೆ ತೋರಿಸುತ್ತದೆ. ಮಾನೊಕ್ರೊಟೊಫಾಸನ್ನು ಭಾರತ ನಿಷೇಧಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಸಲಹೆ ಮಾಡಿತ್ತು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಈ ವಿಷ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಸ್ಥಾನದ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ ಕೃತ್ಯಕ್ಕೆ 17 ಜನ ಬಲಿಯಾದರು. ಅಲ್ಲೂ ಇದೇ ವಿಷ ಪತ್ತೆಯಾಯಿತು. ಒಂದನ್ನು ಅಚಾತುರ್ಯ, ಇನ್ನೊಂದನ್ನು ಅಪರಾಧ ಎನ್ನಬಹುದು. ಎರಡಕ್ಕೂ ಸಾಧನ ಸುಲಭವಾಗಿ ಸಿಗುತ್ತಿತ್ತು. ಅದರ ಶೇ. 36ರ ದ್ರಾವಣವನ್ನು ನಿಷೇಧಿಸುವ ಕೇಂದ್ರದ ಆದೇಶ ಬಂದದ್ದು 2023ರಲ್ಲಿ. ಸಲಹೆಗೂ ಆದೇಶಕ್ಕೂ ನಡುವೆ 14 ವರ್ಷ. ಅಂತರರಾಷ್ಟ್ರೀಯ ಸಹಕಾರ ತಿಳಿವಳಿಕೆಯನ್ನು ಒದಗಿಸಿತು. ಅದನ್ನು ಜಾರಿಗೆ ತರಬೇಕಾದವರು ತಡಮಾಡಿದರು.

ಹಾಗಾದರೆ ಭಿತ್ತಿಪತ್ರವನ್ನು ಬದಿಗಿಡಬೇಕೆ? ಖಂಡಿತ ಬೇಡ. ಮೊದಲ ನಾಲ್ಕು ಸೂತ್ರಗಳನ್ನು ಪಾಲಿಸಿದರೇ ಎಷ್ಟೋ ವಾಂತಿಭೇದಿಗಳು ತಪ್ಪುತ್ತವೆ. ಆದರೆ ಅಧ್ಯಾಪಕರು ಅದನ್ನು ಪ್ರತಿಜ್ಞೆಯಂತೆ ಓದಿಸಬಾರದು, ಪಾಠದಂತೆ ಪರೀಕ್ಷಿಸಬೇಕು. ಬಿಸಿಯೂಟದ ಅನ್ನ ಸ್ವಲ್ಪ ಉಳಿದರೆ, ಒಂದು ಪಾಲನ್ನು ತಟ್ಟೆಯಲ್ಲಿ ಹರವಿ, ಇನ್ನೊಂದನ್ನು ಡಬ್ಬಿಯಲ್ಲಿ ಒತ್ತಿ ತುಂಬಿ, ಪಾದರಸವಿಲ್ಲದ ತಾಪಮಾಪಕದಿಂದ ಹದಿನೈದು ನಿಮಿಷಕ್ಕೊಮ್ಮೆ ನಡುಭಾಗದ ತಾಪವನ್ನು ಗುರುತು ಹಾಕಿಸಿ. ಆ ಅನ್ನವನ್ನು ಯಾರೂ ಉಣ್ಣಕೂಡದು. ಎರಡು ಗೆರೆಗಳೂ ನಕ್ಷೆಯ ಹಾಳೆಯ ಮೇಲೆ ಮೂಡಿದಾಗ ನಾಲ್ಕನೆಯ ಸೂತ್ರ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಐದನೆಯದಕ್ಕೆ ಊರಿನ ನೀರಿನ ಪರೀಕ್ಷಾ ವರದಿಯನ್ನು ಗ್ರಾಮ ಪಂಚಾಯಿತಿಯಿಂದ ಕೇಳಿ ತರಲಿ.