ಪಿರಿಯಾಪಟ್ಟಣದ ಕೋಟೆಯೂ ಚೆಂಗಾಳ್ವನಾಡಿನ ಕಾವ್ಯಗಳೂ

ಪಿರಿಯಾಪಟ್ಟಣವೆಂದೊಡನೆ ನಮ್ಮ ಚರಿತ್ರಗ್ರಂಥಗಳು ಕಾಳಗವನ್ನೇ ನೆನೆಯುತ್ತವೆ. ಕ್ರಿ. ಶ. ೧೬೪೫ರ ಸುಮಾರಿನಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯವು ಚೆಂಗಾಳ್ವ ವೀರರಾಜನಿಂದ ಕೋಟೆಯನ್ನು ಕೈಕೊಂಡಿತು. ೧೭೯೧ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ದಂಡು ಕೊಡಗಿನ ಮಾರ್ಗವಾಗಿ ಅಲ್ಲಿಗೆ ಇಳಿಯಿತು. ೧೭೯೯ನೆಯ ಮಾರ್ಚಿ ೬ರಂದು ಸಮೀಪದ ಸಿದ್ಧೇಶ್ವರದ ಬಳಿ ಟೀಪೂ ಸುಲ್ತಾನನು ಮುಂಬಯಿ ಸೈನ್ಯವನ್ನು ಎದುರಿಸಿ ಹಿಂದಿರುಗಿದನು. ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಇದರಿಂದ ಕೋಟೆಯು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ತಿಳಿಯುತ್ತದೆಯೇ ಹೊರತು, ಅದು ಅಲ್ಲಿ ಏತಕ್ಕಾಗಿ ಇದ್ದಿತೆಂಬುದು ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬುವುದಕ್ಕೆ ಆ ನಾಡಿನ ಕಾವ್ಯಗಳು ಎಷ್ಟರಮಟ್ಟಿಗೆ ಸಹಾಯಕವಾಗುವುವೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಗಡಿಯ ಕೋಟೆಯು ಯುದ್ಧಕ್ಕಾಗಿಯೇ ಹುಟ್ಟಬೇಕೆಂಬ ನಿಯಮವಿಲ್ಲ. ಉತ್ತರ ಅಮೆರಿಕದಲ್ಲಿ ಹಡ್ಸನ್ ಕೊಲ್ಲಿಯ ವರ್ತಕಸಂಘವು ೧೬೭೦ರಲ್ಲಿ ಇಂಗ್ಲೆಂಡಿನ ರಾಜನಿಂದ ಸನ್ನದು ಪಡೆದು ಕಾಡಿನ ಅಂಚಿನಲ್ಲಿ ಕೋಟೆಗಳನ್ನು ಕಟ್ಟಿಸಿತು. ಅವು ಹೆಸರಿಗೆ ಕೋಟೆಗಳು, ಕೆಲಸದಲ್ಲಿ ಮಳಿಗೆಗಳು. ಕಾಡಿನ ಜನರು ಬೀವರ್ ಎಂಬ ಪ್ರಾಣಿಯ ತುಪ್ಪುಳಿನ ಚರ್ಮವನ್ನು ತಂದು ಕೊಟ್ಟು ಕಂಬಳಿ, ಪಾತ್ರೆ, ಬಂದೂಕುಗಳನ್ನು ಒಯ್ಯುತ್ತಿದ್ದರು. ಆ ಕೋಟೆಗಳ ಲೆಕ್ಕದ ಪುಸ್ತಕಗಳು ಉಳಿದಿರುವುದರಿಂದ ಅವುಗಳ ಚರಿತ್ರೆಯನ್ನು ಬರೆಯುವುದು ಸುಲಭವಾಯಿತು. ನಮ್ಮ ಚೆಂಗಾಳ್ವನಾಡಿನಿಂದ ನಮ್ಮ ಕೈಗೆ ಬಂದಿರುವುವು ಶಾಸನಗಳೂ ಕಾವ್ಯಗಳೂ. ಆದುದರಿಂದ ಅಲ್ಲಿ ಲೆಕ್ಕಿಗನು ಮಾಡಿದ ಕೆಲಸವನ್ನು ಇಲ್ಲಿ ಸಾಹಿತ್ಯವಿಮರ್ಶಕನು ಎಚ್ಚರಿಕೆಯಿಂದ ಮಾಡಬೇಕಾಗಿದೆ.

ಮೊದಲು ಸ್ಥಳವನ್ನು ನೋಡೋಣ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಈ ಮೂರೂ ಮಲೆನಾಡು ಮುಗಿದು ಬಯಲು ಮೊದಲಾಗುವ ಅಂಚಿನ ಪ್ರದೇಶಗಳು. ಪಶ್ಚಿಮಕ್ಕೆ ಕೊಡಗು, ದಕ್ಷಿಣಕ್ಕೆ ವಯನಾಡು. ಏಲಕ್ಕಿ, ಮೆಣಸು, ಜೇನು, ಮೇಣ, ದಂತಗಳು ಮಲೆಯ ವಸ್ತುಗಳು. ಉಪ್ಪು, ಬಟ್ಟೆಗಳು ಮಲೆಗೆ ಹೊರಗಿನಿಂದ ಹೋಗಬೇಕಾದವು. ಶ್ರೀಗಂಧವಾದರೋ ಇಂತಹ ಅಂಚಿನ ಕುರುಚಲು ಕಾಡಿನಲ್ಲಿಯೇ ಚೆನ್ನಾಗಿ ಬೆಳೆಯುವುದು. ಇಂತಹ ದಾರಿಯಲ್ಲಿ ಕೋಟೆಯುಳ್ಳವನಿಗೆ ಸುಂಕವೂ ಉಂಟು, ಶತ್ರುವೂ ಉಂಟು. ಹನಸೋಗೆಯ ಬಸದಿಗಳ ಶಾಸನಗಳಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ ಕಾಣಿಸಿಕೊಳ್ಳುವ ಚೆಂಗಾಳ್ವರು, ಚೋಳ, ಹೊಯ್ಸಳ, ವಿಜಯನಗರಗಳ ಏಳುಬೀಳುಗಳ ನಡುವೆ ಆರು ಶತಮಾನಗಳ ಕಾಲ ಬಾಳಿದುದಕ್ಕೆ ಈ ಸ್ಥಾನಬಲವೂ ಒಂದು ಕಾರಣವೆಂದು ಊಹಿಸುವುದು ಯುಕ್ತವಾಗಿದೆ.

ಈ ನಾಡಿನ ಕವಿಗಳಲ್ಲಿ ಮೊದಲು ನೆನೆಯಬೇಕಾದವನು ಮೂರನೆಯ ಮಂಗರಸ. ಈತನು ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಂಶದವನು, ಜೈನನು, ಚೆಂಗಾಳ್ವರ ಸಚಿವರ ಕುಲದಲ್ಲಿ ಹುಟ್ಟಿದವನು, ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದವನು. ಜಯನೃಪಕಾವ್ಯ, ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿ ಮೊದಲಾದ ಕಾವ್ಯಗಳಲ್ಲದೆ ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನೂ ಬರೆದಿದ್ದಾನೆ. ಮಹಾಕಾವ್ಯಗಳಲ್ಲಿ ಕಾಡು ಬರುವುದು ಅಷ್ಟಾದಶವರ್ಣನೆಯ ಕಟ್ಟಿಗೆ ಒಳಪಟ್ಟು. ಅಲ್ಲಿನ ಮರಮೃಗಗಳು ಕವಿಸಮಯಕ್ಕೆ ಸೇರಿದವುಗಳಾದುದರಿಂದ ಕಲ್ಲಹಳ್ಳಿಯ ಕಾಡೆಂದು ಅವನ್ನು ನಂಬಲಾಗದು. ಸೂಪಶಾಸ್ತ್ರದ ಸಂಗತಿ ಬೇರೆ. ಏಲಕ್ಕಿ ಕರ್ಪೂರಗಳಿಂದ ಪರಿಮಳಗೊಳಿಸುವ ವಿಧಿ ಸಂಸ್ಕೃತ ಪಾಕಗ್ರಂಥಗಳಲ್ಲಿಯೂ ಇರುವುದರಿಂದ ಅಷ್ಟನ್ನೇ ಹಿಡಿದು ಕೊಡಗಿನ ವ್ಯಾಪಾರವನ್ನು ಸಾಧಿಸಹೊರಟರೆ ಹೇತುವು ದುರ್ಬಲವಾಗುವುದು. ಆದರೆ ಆ ಗ್ರಂಥದಲ್ಲಿ ಹಲಸಿಗೂ, ಬಿದಿರ ಕಳಲೆಗೂ, ನೆಲ್ಲಿಗೂ ದೊರೆತಿರುವ ಆದರವು ಶಾಸ್ತ್ರಸಂಪ್ರದಾಯದಿಂದ ಮಾತ್ರ ಬಂದುದೆಂದು ಹೇಳುವುದು ಕಷ್ಟ. ಮಳೆಗಾಲದ ಮೊದಲಿನಲ್ಲಿ ಬಿದಿರುಮೆಳೆಯಿಂದ ಮುರಿದು ತಂದ ಕಳಲೆಯನ್ನು ನೀರಿನಲ್ಲಿಟ್ಟು ಕಹಿ ತೆಗೆದು ಅಡುವುದು ಕಾಡಿನ ಅಂಚಿನವರು ಇಂದಿಗೂ ಬಲ್ಲ ವಿದ್ಯೆ. ಪ್ರಭುವಿನ ಪಾಕಶಾಲೆಗೆ ಕಾಡಿನಿಂದ ಒಂದು ದಾರಿಯಿದ್ದಿತೆಂಬುದಕ್ಕೆ ಇದು ಸಾಕ್ಷಿ. ಮಹಾಕಾವ್ಯವು ಹೇಳದುದನ್ನು ಅಡುಗೆಯ ಗ್ರಂಥವು ಹೇಳುತ್ತಿದೆ.

ಎರಡನೆಯವನು ಅದೇ ಚೆಂಗಾಳ್ವನಾಡಿನ ನಂಜುಂಡ. ಸುಮಾರು ೧೫೨೫ರಲ್ಲಿ ಈತನು ಸಾಂಗತ್ಯದಲ್ಲಿ ರಾಮನಾಥಚರಿತೆಯನ್ನು ರಚಿಸಿದನು. ಕಥಾನಾಯಕನು ಕುಮ್ಮಟದ ಕುಮಾರರಾಮ. ದಿಲ್ಲಿಯ ಸೈನ್ಯಕ್ಕೆ ಬಗ್ಗದೆ ತನ್ನ ದುರ್ಗಕ್ಕಾಗಿ ಕಾದಿ ಮಡಿದವನು. ದೊಡ್ಡ ರಾಜ್ಯಗಳ ನಡುವಣ ಸಣ್ಣ ನಾಡಿನ ಕವಿಯು, ದೊಡ್ಡ ಸೈನ್ಯಕ್ಕೆ ಎದುರು ನಿಂತ ಸಣ್ಣ ಕೋಟೆಯ ಕಥೆಯನ್ನು ಆರಿಸಿಕೊಂಡುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅವನ ಕಾಲಕ್ಕೆ ಪಿರಿಯಾಪಟ್ಟಣಕ್ಕೆ ಆ ಹೆಸರೇ ಇರಲಿಲ್ಲ. ಸಿಂಗಪಟ್ಟಣವೆಂದಿದ್ದ ಊರನ್ನು ಹದಿನಾರನೆಯ ಶತಮಾನದ ಕೊನೆಯಲ್ಲಿ ಪಿರಿಯರಾಜನು ಊರ್ಜಿತಗೊಳಿಸಿ ತನ್ನ ಹೆಸರಿನಿಂದ ಕರೆದನೆಂದು ಹೇಳುವರು.

ಮುಂದೆ ನೂರಿಪ್ಪತ್ತು ವರ್ಷಗಳ ಮೇಲೆ ಕುಮ್ಮಟಕ್ಕೆ ಒದಗಿದ ಗತಿಯೇ ಪಿರಿಯಾಪಟ್ಟಣಕ್ಕೂ ಒದಗಿತು. ಗೆಲವಿನ ಆಸೆ ತಪ್ಪಿದಾಗ ವೀರರಾಜನು ಮಡದಿ ಮಕ್ಕಳನ್ನು ತಾನೇ ಕೊಂದು ಕತ್ತಿ ಹಿಡಿದು ಮಡಿದನೆಂಬ ಪರಂಪರೆಯನ್ನು ಗೆಜೆಟಿಯರುಗಳು ದಾಖಲುಮಾಡಿವೆ. ಕೆಲವು ವರ್ಷಗಳಲ್ಲಿಯೇ, ೧೬೪೮ರಲ್ಲಿ, ಗೋವಿಂದವೈದ್ಯನು ಕಂಠೀರವ ನರಸರಾಜ ವಿಜಯವನ್ನು ಬರೆದನು. ಅದೂ ಸಾಂಗತ್ಯವೇ. ರಣದುಲ್ಲಾಖಾನನ ಮುತ್ತಿಗೆಯಿಂದ ಶ್ರೀರಂಗಪಟ್ಟಣವು ಉಳಿದ ಸಂಗತಿಯೇ ಅದರ ಹೃದಯಸ್ಥಾನ. ಆ ಕಾವ್ಯದ ಓಟವೂ ನಗರವರ್ಣನೆಯ ಸತ್ತ್ವವೂ ನಿರ್ವಿವಾದವಾದುವು. ಆದರೆ ಅದು ಗೆದ್ದವನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ. ಶ್ರೀರಂಗಪಟ್ಟಣದ ಕೊತ್ತಳದ ಮೇಲೆ ನಿಂತು ಸುತ್ತಲೂ ನೋಡುವ ದೃಷ್ಟಿ ಅದರದು. ಒಂದು ರಾಜಧಾನಿಯ ಮುತ್ತಿಗೆಯು ವೀರಕಾವ್ಯವಾಗುವುದು, ಆ ರಾಜಧಾನಿಯು ಹಾಕಿದ ಮುತ್ತಿಗೆಯು ದಿಗ್ವಿಜಯದಲ್ಲಿ ಒಂದು ಸಂಖ್ಯೆಯಾಗುವುದು, ಇದು ವಿಜಯಕಾವ್ಯಗಳ ಸಾಮಾನ್ಯ ಧರ್ಮ. ಇದಕ್ಕಾಗಿ ಗೋವಿಂದವೈದ್ಯನನ್ನು ದೂಷಿಸಬೇಕಾಗಿಲ್ಲ. ಅವನ ದೃಷ್ಟಿಯನ್ನೇ ಚರಿತ್ರೆಯ ದೃಷ್ಟಿಯಾಗಿ ಪಾಠಹೇಳುವ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಚೆಂಗಾಳ್ವರ ಕಡೆಯ ಮಾತನ್ನು ಕೇಳಬೇಕೆನ್ನುವವರು ನಂಜುಂಡನ ಕುಮ್ಮಟವನ್ನು ಓದಲಿ. ಅದು ವೀರರಾಜನ ಚರಿತ್ರೆಯಲ್ಲವೆಂಬುದು ನಿಜ. ಆದರೆ ಅಂತಹ ಕೋಟೆಯೊಳಗಿನವರು ಮಾನ, ಮರಣಗಳನ್ನು ಹೇಗೆ ಭಾವಿಸುತ್ತಿದ್ದರೆಂಬುದು ಅಲ್ಲಿದೆ.

ಕೋಟೆಯ ಉತ್ತರಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೈಸೂರು ಕೊಡಗುಗಳ ಯುದ್ಧಗಳಲ್ಲಿ ಅದು ಜೀರ್ಣವಾಯಿತು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ನನು ಹಾಳುಬಿದ್ದ ಒಳಕೋಟೆಯಲ್ಲಿ ಹುಲಿಗಳ ಭಯವನ್ನು ಬರೆದಿಟ್ಟಿದ್ದಾನೆ. ಕಾವಲು ಹೋದರೂ ಅಂಚಿನ ವ್ಯಾಪಾರ ಹೋಗಲಿಲ್ಲ. ಅದು ಹುಣಸೂರಿಗೆ ಸರಿಯಿತು. ಅಲ್ಲಿ ಸರ್ಕಾರದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿಗಳು ೧೮೬೪ರ ಸುಮಾರಿನವರೆಗೂ ನಡೆದುವು. ದಂಡಿಗೆ ಬೇಕಾದ ಚರ್ಮದ ಸಾಮಾನುಗಳನ್ನು ಮಾಡುವ ಕೈಗಳು ಆಮೇಲೂ ಆ ಊರಿನಲ್ಲಿ ಉಳಿದುವು. ಕಾಡು, ತೊಗಲು, ದಂಡು, ಸುಂಕ ಎಂಬ ಹಳೆಯ ಸಂಬಂಧವೇ ಹೊಸ ಒಡೆಯನ ಕೈಯಲ್ಲಿ ಮುಂದುವರಿಯಿತೆಂದು ತಿಳಿಯಬೇಕು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಗಡಿಯೆಂಬುದು ರಾಜಧಾನಿಯಿಂದ ನೋಡುವವನಿಗೆ ಮಾತ್ರ ಗಡಿ. ಕಲ್ಲಹಳ್ಳಿಯ ಮಂಗರಸನಿಗೆ ಅದು ಮನೆ. ಉಪಾಧ್ಯಾಯರು ಕಂಠೀರವ ನರಸರಾಜ ವಿಜಯವನ್ನು ಪಾಠಹೇಳುವಾಗ ಅದರ ಪಕ್ಕದಲ್ಲಿ ರಾಮನಾಥಚರಿತೆಯನ್ನೂ ಸೂಪಶಾಸ್ತ್ರವನ್ನೂ ಇಟ್ಟುಕೊಳ್ಳುವುದಾದರೆ, ಒಂದೇ ಛಂದಸ್ಸಿನಲ್ಲಿ ಗೆದ್ದವರೂ ಸೋತವರೂ ಹಾಡಿದರೆಂಬುದು ವಿದ್ಯಾರ್ಥಿಗಳಿಗೆ ವೇದ್ಯವಾಗುವುದು. ಪಿರಿಯಾಪಟ್ಟಣವು ಅವರಿಗೆ ಒಂದು ಯುದ್ಧದ ತಾರೀಖಾಗಿ ಉಳಿಯದೆ ಜನ ಬಾಳಿದ ಊರಾಗುವುದು. ವಿದ್ವಾಂಸರು ಈ ಅಭಿಪ್ರಾಯದ ಗುಣದೋಷಗಳನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.