ತಕ್ಕಡಿ ಹಿಡಿದವರು

ಸಂತೆಯಲ್ಲಿ ಜಾತಿ ಇಲ್ಲ, ಕಾಸಿಗೆ ಮೈಲಿಗೆ ಇಲ್ಲ ಅನ್ನೋ ಮಾತನ್ನು ನಮ್ಮಲ್ಲಿ ಬಲು ಸಲೀಸಾಗಿ ಆಡುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ದೇವನೂರ ಮಹಾದೇವರ 'ಒಡಲಾಳ'ವನ್ನೇ ನೋಡಿ. ಸಾವ್ಕಾರನ ಕಡಲೆಕಾಯಿ ಕಳುವಾದರೆ ಪೊಲೀಸರು ಸಾಕವ್ವನ ಮನೆಗೆ ನುಗ್ಗುತ್ತಾರೆ. ಸಾಕವ್ವನ ಹುಂಜ ಕಾಣೆಯಾದರೆ ಅವಳೇ ಹುಡುಕಬೇಕು. ಠಾಣೆಯನ್ನು ಹಟ್ಟಿಗೆ ಕರೆತರುವ ಈ ಬಲವೇ ಸಾವ್ಕಾರನ ಮೊದಲ ಬಂಡವಾಳ. ಬರೀ ಹಸಿವಿನ ಕತೆ ಅಂತ ಓದಿದರೆ ಇದು ಕಾಣೋದಿಲ್ಲ.

ಮಂಡಿಯಲ್ಲಿ ಉದ್ದರಿ ಕೊಡುವ ನೆಂಟ, ಸೊಸೈಟಿಯಲ್ಲಿ ಸಾಲ ಬರೆಸುವ ಭಾವಮೈದ, ಪಂಚಾಯ್ತಿ ಮಳಿಗೆಯ ಹರಾಜಿನಲ್ಲಿ ಬೇರೆಯವರು ಕೂಗದಂತೆ ನೋಡಿಕೊಳ್ಳುವ ಮೆಂಬರು, ಇವರೆಲ್ಲ ಸೇರಿ ಒಂದು ಅಂಗಡಿ. ಇದಕ್ಕೆ 'ಮನೆತನದ ವ್ಯಾಪಾರ' ಅಂತ ಹೆಸರು. ನಮ್ಮ ಹುಡುಗ ನಿಗಮದ ಸಾಲ ತಂದು ಅಂಗಡಿ ಇಟ್ಟರೆ ಮಾತ್ರ ಅದು 'ಜಾತಿ ಸೌಲಭ್ಯ'!

1955ರ ಕಾಯ್ದೆ ನಮ್ಮನ್ನು ಅಂಗಡಿಯೊಳಕ್ಕೆ ಬಿಡಿ ಅಂದಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಾದ ತಿದ್ದುಪಡಿ ಆರ್ಥಿಕ ಬಹಿಷ್ಕಾರವನ್ನು ಅಪರಾಧ ಎಂದಿತು. ಸರಿ. ಬಹಿಷ್ಕಾರ ಅಂತ ಯಾರೂ ಡಂಗೂರ ಸಾರದೆ, ದಲಿತ ಹೆಂಗಸಿನ ಟೀ ಅಂಗಡಿ ದಾಟಿಕೊಂಡು ಒಬ್ಬೊಬ್ಬರೇ ಮುಂದಿನ ಹೋಟೆಲಿಗೆ ಹೋದರೆ ಯಾರ ಮೇಲೆ ದೂರು ಬರೆಸೋಣ? ಅದಕ್ಕೇ ನಮ್ಮವರು ಚಪ್ಪಲಿ, ಬಟ್ಟೆ ಮಾರಲು ಮುಂದಾದರೂ ಬೇಯಿಸಿದ್ದನ್ನು ಮಾರೋಕೆ ಅಂಜುತ್ತಾರೆ. ಮಾರಿದರೂ ಕೇರಿಯ ಹೆಸರು ಬಚ್ಚಿಟ್ಟುಕೊಂಡೇ ಮಾರಬೇಕು.

ಆದ್ದರಿಂದ ದಲಿತ ವಿಮರ್ಶೆಗೆ ನನ್ನದೊಂದು ಬೇಡಿಕೆ. ಕತೆಯಲ್ಲಿ ಅಂಗಡಿ ಬಂದಾಗಲೆಲ್ಲ ಸಂತೆಯ ಬಣ್ಣ ವರ್ಣಿಸಿ ಸುಮ್ಮನಾಗಬಾರದು. ತಕ್ಕಡಿ ಯಾರ ಕೈಲಿದೆ, ಉದ್ದರಿ ಪುಸ್ತಕದಲ್ಲಿ ಯಾರ ಹೆಸರಿದೆ, ಮಳಿಗೆಯ ಬೀಗದ ಕೈ ಯಾರ ಮೂಲಕ ಬಂತು ಅಂತ ಕೇಳಲೇಬೇಕು.