ದೃಷ್ಟಾಂತವೂ ಛಾಯಾಚಿತ್ರವೂ

ಸಂಸ್ಕೃತ ವಾಙ್ಮಯದಲ್ಲಿ ಕೀಟಗಳಿಗೆ ದೊರೆತಿರುವ ಸ್ಥಾನವು ಅಲ್ಪವಾದುದಲ್ಲ. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ತುನಾಲ್ವರು ಗುರುಗಳನ್ನು ಹೇಳುವಾಗ ಪತಂಗ, ಜೇನುಹುಳು, ಜೇಡ, ಕಣಜ ಇವೂ ಆ ಪಂಕ್ತಿಯಲ್ಲಿ ಕುಳಿತಿವೆ. ಈ ಗುರುಗಳನ್ನು ಶ್ಲೋಕದಲ್ಲಿ ಕಂಡ ಪಂಡಿತರು ಅನೇಕರು. ಗೋಡೆಯ ಮೇಲೆ ಕಂಡವರು ವಿರಳ.

ಈಚಿನ ವರ್ಷಗಳಲ್ಲಿ ಅಂಗೈಯಗಲದ ದೂರವಾಣಿಯಲ್ಲಿಯೇ ಛಾಯಾಯಂತ್ರವೂ ಸೇರಿಬಂದಿರುವುದರಿಂದ ಪರಿಸ್ಥಿತಿಯು ಬದಲಾಗಿದೆ. ಸಿಂಧನೂರಿನ ಭತ್ತದ ಗದ್ದೆಯ ಬದುವಿನಲ್ಲಾಗಲಿ, ಲಿಂಗಸುಗೂರಿನ ತೊಗರಿಯ ಹೊಲದಂಚಿನಲ್ಲಾಗಲಿ, ಮಸ್ಕಿಯ ಬಂಡೆಗಳ ಸಂದಿನಲ್ಲಾಗಲಿ ಕುಕ್ಕುರುಗಾಲಿನಲ್ಲಿ ಕುಳಿತು ಹುಳುವೊಂದರ ಚಿತ್ರವನ್ನು ತೆಗೆಯುವುದು ಯಾವ ತರುಣನಿಗೂ ಸಾಧ್ಯವಾಗಿದೆ. ಇದು ಸಾಹಿತ್ಯವಿಮರ್ಶೆಗೆ ಹೊರಗಿನ ವಿಷಯವೆಂದು ತಳ್ಳಿಹಾಕುವುದು ಸುಲಭ. ಆದರೆ ನ್ಯಾಯಸೂತ್ರಕಾರನ ಲಕ್ಷಣದಂತೆ ದೃಷ್ಟಾಂತವೆನಿಸಬೇಕಾದರೆ ಸಾಮಾನ್ಯಜನಕ್ಕೂ ಪರೀಕ್ಷಕರಿಗೂ ಅದರಲ್ಲಿ ಒಂದೇ ಅಭಿಪ್ರಾಯವಿರಬೇಕಷ್ಟೆ. ಪರೀಕ್ಷಕನು ಯಂತ್ರವನ್ನು ಹಿಡಿದು ಹೊಲಕ್ಕೇ ಬಂದಿರುವಾಗ ಹಳೆಯ ದೃಷ್ಟಾಂತಗಳು ಅವನ ಮುಂದೆ ನಿಲ್ಲದೆ ವಿಧಿಯಿಲ್ಲ.

ಮೊದಲು ಜೇಡನನ್ನು ನೋಡಬಹುದು. ಜೇಡವು ನೂಲನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ಸೆಳೆದುಕೊಳ್ಳುವಂತೆ ಅಕ್ಷರತತ್ತ್ವದಿಂದ ಜಗತ್ತು ಹೊರಡುವುದೆಂಬುದು ಮುಂಡಕೋಪನಿಷತ್ತಿನ ಉಪಮೆ. ಭಾಗವತವೂ ಅದನ್ನೇ ಹೇಳುವುದು. ಮನೆಯ ಮೂಲೆಯಲ್ಲಿ ಧೂಳು ಹಿಡಿದು ಜೋಲುವ ಬಲೆಯನ್ನು ಮಾತ್ರ ಕಂಡವನಿಗೆ ಈ ಉಪಮೆಯ ಪೂರ್ವಾರ್ಧವು ತಿಳಿಯುವುದೇ ಹೊರತು ಉತ್ತರಾರ್ಧವು ತಿಳಿಯದು. ಆ ಬಲೆಯನ್ನು ಯಾವ ಜೇಡವೂ ಹಿಂದಕ್ಕೆ ಸೆಳೆದುಕೊಂಡುದಿಲ್ಲ, ಕಸಬರಿಗೆಯೇ ಸೆಳೆಯಬೇಕು. ಚಕ್ರಾಕಾರವಾಗಿ ಬಲೆಯನ್ನು ಹೆಣೆಯುವ ಹೊರಗಿನ ಜೇಡಗಳ ರೀತಿಯೇ ಬೇರೆ. ಅವುಗಳಲ್ಲಿ ಅನೇಕವು ಹಳೆಯ ಬಲೆಯನ್ನು ತಾವೇ ತಿಂದು, ಅದರ ಸತ್ತ್ವದಿಂದಲೇ ಹೊಸ ನೂಲನ್ನು ಬಿಡುವುವು. ಸಂಜೆ, ನಡುರಾತ್ರಿ, ಬೆಳಗು ಎಂದು ಒಂದೇ ಬದುವಿನಲ್ಲಿ ಮೂರು ಸಲ ಚಿತ್ರ ತೆಗೆದವನಿಗೆ ಋಷಿಯ ಮಾತು ಅಕ್ಷರಶಃ ಸತ್ಯವೆಂದು ತೋರದಿರದು. ಆ ಉಪಮೆಯು ಹುಟ್ಟಿದ್ದು ಮನೆಯ ಮೂಲೆಯಲ್ಲಲ್ಲವೆಂಬುದನ್ನು ಯಾವ ಟೀಕೆಗಿಂತಲೂ ಈ ಮೂರು ಚಿತ್ರಗಳು ಚೆನ್ನಾಗಿ ತಿಳಿಸುವುವು.

ಕಣಜದ ಗತಿ ಹೀಗಿಲ್ಲ. ಭ್ರಮರಕೀಟನ್ಯಾಯವನ್ನು ಕೇಳದ ವಾಚಕರಿಲ್ಲ. ಕಣಜವು ಒಂದು ಹುಳುವನ್ನು ತಂದು ಮಣ್ಣಿನ ಗೂಡಿನಲ್ಲಿ ಮುಚ್ಚುವುದು. ಹುಳುವು ಭಯದಿಂದ ಅದನ್ನೇ ಧ್ಯಾನಿಸಿ ಧ್ಯಾನಿಸಿ ಕೊನೆಗೆ ಕಣಜವೇ ಆಗಿ ಹೊರಬರುವುದು. ವಚನಗಳಲ್ಲಿ ಕುಂಡಲಿಗನೆಂಬ ಹೆಸರಿನಿಂದ ಬರುವುದೂ ಇದೇ. ಗುರುವು ಶಿಷ್ಯನನ್ನು ತನ್ನಂತೆಯೇ ಮಾಡುವನೆಂಬುದಕ್ಕೆ ಎಷ್ಟು ಪೀಠಗಳಿಂದ ಇದನ್ನು ಹೇಳಿದ್ದಾರೆಯೋ!

ಕುಂಬಾರಹುಳದ ಗೂಡಿನೊಳಗೆ ನಡೆಯುವುದು ಬೇರೆ. ತಾಯಿಯು ಕಂಬಳಿಹುಳುವಿನಂಥ ಮರಿಯನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಕೊಲ್ಲದೆ, ಒಳಗಿಟ್ಟು, ಅಲ್ಲಿ ತನ್ನ ಮೊಟ್ಟೆಯನ್ನೂ ಇಟ್ಟಿರುವುದು. ಮೊಟ್ಟೆಯೊಡೆದ ಮರಿಯು ಆ ಜೀವಂತ ಆಹಾರವನ್ನು ತಿಂದು ಬೆಳೆದು ರೆಕ್ಕೆ ಬಂದ ಮೇಲೆ ಗೋಡೆಯನ್ನು ಕೊರೆದು ಹೊರಬರುವುದು. ಅದರ ಇನ್ನೊಂದು ಬಳಗದವು ಹುಳುಗಳಿಗೆ ಬದಲಾಗಿ ಜೇಡಗಳನ್ನೇ ತಂದು ತುಂಬುವುವು. ಒಂದು ಉಪಮೆಯ ಗುರುವು ಇನ್ನೊಂದು ಉಪಮೆಯ ಗುರುವಿಗೆ ಆಹಾರವಾಗುವುದು. ಇದನ್ನು ಬಲ್ಲವನ ಮುಂದೆ ಗುರುಶಿಷ್ಯಭಾವಕ್ಕೆ ಈ ದೃಷ್ಟಾಂತವನ್ನು ಕೊಟ್ಟರೆ, ಶಿಷ್ಯನ ಗತಿಯೇನೆಂದು ಅವನು ಕೇಳಿದರೆ ತಪ್ಪಿಲ್ಲ.

ಇದನ್ನು ಕವಿಸಮಯವೆಂದು ಉಳಿಸಿಕೊಳ್ಳಬಹುದೆಂದು ಕೆಲವರು ಹೇಳಬಹುದು. ಚಕೋರವು ಬೆಳುದಿಂಗಳನ್ನು ಕುಡಿಯುವುದೆಂದು ಕವಿಯು ಹೇಳಿದಾಗ ಯಾರೂ ಸಾಕ್ಷಿಯನ್ನು ಬೇಡುವುದಿಲ್ಲವಲ್ಲವೆ? ಕಾವ್ಯದಲ್ಲಿ ಇದು ಸಲ್ಲುವ ಮಾತು. ಆದರೆ ಚಕೋರವು ಏನನ್ನೂ ಸಾಧಿಸುವುದಿಲ್ಲ, ರಸವನ್ನು ಮಾತ್ರ ಹೆಚ್ಚಿಸುವುದು. ಕಣಜವನ್ನೋ ಧ್ಯಾನದಿಂದ ರೂಪಾಂತರವುಂಟೆಂಬ ಸಿದ್ಧಾಂತವನ್ನು ಹೊರಲಿಕ್ಕೆ ನಿಲ್ಲಿಸಿದ್ದಾರೆ. ಹೊರುವವನ ಕಾಲು ಮುರಿದಿದ್ದರೆ ಹೊರೆಯನ್ನು ಇಳಿಸಿ ಬೇರೆಯವನನ್ನು ಹುಡುಕಬೇಕು. ಸಿದ್ಧಾಂತಕ್ಕೆ ಇದರಿಂದ ಹಾನಿಯಿಲ್ಲ, ಪಾಠ ಹೇಳುವವರಿಗೆ ಸ್ವಲ್ಪ ಶ್ರಮವುಂಟು.

ಹಾಗೆಂದು ಛಾಯಾಚಿತ್ರವನ್ನೇ ಪರಮಪ್ರಮಾಣವೆಂದು ಎತ್ತಿಹಿಡಿಯುವುದೂ ಸಲ್ಲದು. ಪ್ರಾಚೀನರು ಕಣ್ಣು ಮುಚ್ಚಿಕೊಂಡು ಈ ಕಥೆಯನ್ನು ಕಟ್ಟಿದವರಲ್ಲ. ಹುಳು ಒಳಗೆ ಹೋದುದನ್ನು ಕಂಡರು, ಕಣಜ ಹೊರಗೆ ಬಂದುದನ್ನು ಕಂಡರು, ಎರಡೂ ದಿಟವೇ. ನಡುವಿನದನ್ನು ಊಹಿಸಿದರು. ಒಳಹೋಗುವಾಗ ಒಂದು, ಹೊರಬರುವಾಗ ಒಂದು ಎಂದು ಎರಡೇ ಚಿತ್ರ ತೆಗೆದ ಇಂದಿನ ತರುಣನೂ ಅದೇ ಭ್ರಮೆಗೆ ಒಳಗಾಗುವನು. ಗೂಡಿನ ಗೋಡೆಯನ್ನು ಒಡೆದು ನಡುವಿನದನ್ನು ತೋರಿಸಿದ ಚಿತ್ರಕ್ಕೆ ಮಾತ್ರ ವಿಮರ್ಶೆಯಲ್ಲಿ ಬೆಲೆಯುಂಟು. ಇನ್ನು ಹುಳುವು ಅಲುಗಾಡದಿರಲೆಂದು ಅದನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸಿ, ತಂದು ಹೂವಿನ ಮೇಲೆ ಕೂರಿಸುವ ಅಭ್ಯಾಸವೂ ಕೆಲವರಲ್ಲಿದೆ. ಇದು ಪ್ರತ್ಯಕ್ಷದ ವೇಷ ಹಾಕಿದ ಕವಿಸಮಯ, ಚಕೋರಕ್ಕಿಂತ ಕೀಳು.

ಹೆಸರುಗಳ ವಿಷಯದಲ್ಲಿ ಮಾತ್ರ ಈ ಚಿತ್ರಗಳ ಉಪಕಾರವು ನಿಸ್ಸಂದೇಹವಾದುದು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಶಾಸನವು ದೇವಾನಾಂಪ್ರಿಯನೊಡನೆ ಅಶೋಕನೆಂಬ ಹೆಸರನ್ನೂ ಹೇಳಿ ಪಂಡಿತರ ಅನುಮಾನವನ್ನು ಪ್ರತ್ಯಕ್ಷದಿಂದ ಸ್ಥಿರಪಡಿಸಿದುದನ್ನು ಈ ಸೀಮೆಯ ವಾಚಕರು ಬಲ್ಲರು. ಅಂಥದೇ ಅಗತ್ಯವು ಇಂದ್ರಗೋಪಕ್ಕೂ ಇದೆ. ವರ್ಷಾವರ್ಣನೆಗಳಲ್ಲಿ ಕೆಂಪು ಚುಕ್ಕೆಗಳಾಗಿ ಬರುವ ಈ ಜೀವಿಗೆ ನಿಘಂಟುಗಳು ಮಿಣುಕುಹುಳುವೆಂಬ ಅರ್ಥವನ್ನೂ ಕೊಟ್ಟಿವೆ. ಮೊದಲ ಮಳೆ ಬಿದ್ದ ಮರುದಿನ ಮಖಮಲ್ಲಿನ ತುಣುಕಿನಂತೆ ನೆಲದ ಮೇಲೆ ಹರಿದಾಡುವ ಕೆಂಪು ಹುಳುವಿನ ಚಿತ್ರವೊಂದನ್ನು ದೊಡ್ಡದು ಮಾಡಿ ಕಾಲುಗಳನ್ನೆಣಿಸಿದರೆ ಎಂಟಾಗುವುವು. ಮಿಣುಕುಹುಳುವಿಗಿರುವುದು ಆರು. ಕಾವ್ಯಗಳ ಇಂದ್ರಗೋಪವು ಜೇಡನ ದಾಯಾದಿ.